ಓನರ್ ಹೇಗೆ?

ಮುರಿದದ್ದು ಬಲಗೈ, ಅವನು ಚಿತ್ರ ತೆಗೆದದ್ದು ಎಡಗೈಯದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುತ್ತಲೇ ತಲೆ ನೆರೆಸಿಕೊಂಡವನು, ಊದಿದ ಕೈಯನ್ನು ಎದೆಗೆ ಅವುಚಿಕೊಂಡು ಎದುರಿಗೇ ನರಳುತ್ತಿದ್ದ ಮನುಷ್ಯನ ನೆಟ್ಟಗಿದ್ದ ಕೈಯನ್ನು ಎಳೆದು ಮೇಜಿನ ಮೇಲಿಟ್ಟು, ಅಲುಗಾಡಬೇಡಿ ಎಂದು ಗದರಿ, ಗುಂಡಿ ಒತ್ತಿದ್ದ. ಆ ಪುಣ್ಯಾತ್ಮನಾದರೂ ಬಾಯಿ ಬಿಡಬಾರದೆ? ಆಸ್ಪತ್ರೆಯ ಮೆಟ್ಟಿಲಿಳಿದ ಮೇಲೆ ಜನಕ್ಕೆ ತಮ್ಮ ನೋವು ಯಾವ ಕಡೆಗಿದೆ ಎಂದು ಹೇಳುವುದಕ್ಕೂ ನಾಲಿಗೆ ಹೊರಳುವುದಿಲ್ಲ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಡಾಕ್ಟರು ಚಿತ್ರ ಹಿಡಿದುಕೊಂಡೇ ಕೆಳಗಿಳಿದು ಬಂದರು. "ಏನ್ರೀ, ಈ ಕೈ ನೋಡಿದ್ರೆ ಇವರನ್ನ ಇವತ್ತೇ ಕುಸ್ತಿಗೆ ಕಳಿಸ್ಬಹುದಲ್ರೀ!" ಎಂದರು. ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರು ನಕ್ಕರು. ಕೈ ಮುರಿದವನೂ ನಕ್ಕ. ಚಿತ್ರ ತೆಗೆದವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕು? ಡಾಕ್ಟರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೆಳಗಿನಿಂದ ಅವನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಮಧ್ಯಾಹ್ನ, ಬಾಡಿಗೆಗೆ ಬಿಡಲೆಂದು ಕೊಂಡ ಆ ಮನೆ ನೋಡಲು ಯಾರೋ ಬರುತ್ತಾರೆ. ಬಂದವರು ಒಪ್ಪಿಬಿಟ್ಟರೆ? ಒಪ್ಪಿದರೆ ಬ್ಯಾಂಕಿನ ಕಂತಿಗೆ ದಾರಿಯಾಗುತ್ತದೆ. ಒಪ್ಪದಿದ್ದರೆ ಈ ಸಲದ ಕಂತೂ ಹೆಂಡತಿಯ ಹೊಲಿಗೆಯ ದುಡ್ಡಿನಿಂದಲೇ ಹೋಗಬೇಕು. ಇಷ್ಟು ಚೆನ್ನಾಗಿ ಗೊತ್ತಿದ್ದೂ ಅವನು, ಯಾರೂ ಒಪ್ಪದಿರಲಿ, ಯಾರೂ ಬರದೇ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ತನ್ನ ಅಂಗಡಿಗೆ ಗಿರಾಕಿ ಬಾರದಿರಲಿ ಎಂದು ಬೇಡಿಕೊಳ್ಳುವ ಮೂರ್ಖ ಎಲ್ಲಾದರೂ ಇದ್ದಾನೆಯೇ? ಇದ್ದ. ಸೀಸದ ಏಪ್ರನ್ನು ತೊಟ್ಟುಕೊಂಡು, ಈಗ ಬಲಗೈಯ ಚಿತ್ರ ತೆಗೆಯುತ್ತಿದ್ದ.

ಬೆಳಿಗ್ಗೆ ಹೊರಡುವಾಗ ಹೆಂಡತಿ ಮಿಷನ್ನಿನಿಂದ ತಲೆ ಎತ್ತದೆಯೇ ಹೇಳಿದ್ದಳು. "ದಲ್ಲಾಳಿ ಊಟದ ಹೊತ್ತು ಕಳೆದ್ಮೇಲೆ ಯಾರನ್ನೋ ಕರ್ಕೊಂಡ್ ಬರ್ತಾರಂತೆ. ನಾನು ಸ್ಕೂಲಿಗೆ ಯೂನಿಫಾರಂ ಕೊಟ್ಟು ನೇರ ಅಲ್ಲಿಗೇ ಬರ್ತೀನಿ. ನೀವು ಮುಂಚೆ ಹೋಗಿ ಬಾಗಿಲು ತೆಗೆದು ಕಸ ಗುಡಿಸಿಡಿ. ಬಾಯಿ ಮಾತ್ರ ತೆಗೀಬೇಡಿ."

"ನಾನೇನು ಬಂದೋರನ್ನ ಕಚ್ತೀನಾ?"

"ಕಚ್ಚಿದ್ರೆ ಔಷಧಿ ಇದೆ. ನಿಮ್ಮ ಮಾತಿಗೆ ಇಲ್ಲ."

ಅವಳ ತಲೆಯ ಮೇಲೆ ವೈರಿನಲ್ಲಿ ತೂಗುಬಿದ್ದ ಬಲ್ಬು ಉರಿಯುತ್ತಿತ್ತು. ಬೆಳಗಾದರೂ ಉರಿಯುತ್ತದೆ, ಮಧ್ಯಾಹ್ನವೂ ಉರಿಯುತ್ತದೆ. ಮದುವೆಯಾದ ಹೊಸತರಲ್ಲಿ ಬಾಡಿಗೆಗೆ ಹಿಡಿದ ಹಿಂಭಾಗದ ಮನೆ ಅದು. ಆಗ ಪಕ್ಕದಲ್ಲಿ ಖಾಲಿ ಜಾಗವಿತ್ತು, ಗಾಳಿ ಬೆಳಕು ಧಾರಾಳವಾಗಿತ್ತು. ಆಮೇಲೆ ಆ ಜಾಗದಲ್ಲಿ ಗೋಡೆ ಎದ್ದಿತು, ಗೋಡೆಯ ಮೇಲೆ ಮಹಡಿ, ಮಹಡಿಯ ಮೇಲೆ ಮಹಡಿ. ಕಿಟಕಿ ತೆರೆದರೆ ಪಕ್ಕದವರ ಒದ್ದೆ ಗೋಡೆಗೆ ಕೈ ತಾಗುತ್ತಿತ್ತು. ಬಿಟ್ಟು ಹೋಗೋಣ ಎಂದು ಅವನು ಹೇಳಿದಾಗಲೆಲ್ಲ ಅವಳು, ಮಾಲೀಕ ಮುದುಕ ಬಾಡಿಗೆ ಏರಿಸುವುದನ್ನು ಮರೆತಿದ್ದಾನೆ, ನೀವು ಹೋಗಿ ನೆನಪು ಮಾಡಬೇಡಿ ಎನ್ನುತ್ತಿದ್ದಳು. ಹೀಗೆ ಉಳಿಸಿದ್ದು, ಹೊಲಿದದ್ದು, ಅವನ ಸಂಬಳದಲ್ಲಿ ಕಚ್ಚಿಟ್ಟದ್ದು ಎಲ್ಲ ಸೇರಿ ಒಂದು ಮನೆಗೆ ಮುಂಗಡವಾದಾಗ ಅವಳ ತಮ್ಮ ಗುರುವಾಗಿ ಬಂದು ಕೂತ. ಬಾಡಿಗೆಗೆ ಬಿಡಲೆಂದೇ ಎರಡು ಮನೆ ಕೊಂಡು ನುರಿತವನು ಅವನು. "ಭಾವ, ನಿಮಗಿದು ಹೊಸದು, ಕಿವಿಗೊಟ್ಟು ಕೇಳಿ. ಬಾಡಿಗೆಗೆ ಬಿಡೋ ಮನೇನ ಹೆಂಡತೀನ ನೋಡೋ ಹಾಗೆ ನೋಡಬಾರದು, ಹಸು ನೋಡೋ ಹಾಗೆ ನೋಡ್ಬೇಕು. ಎಷ್ಟು ಹಾಲು ಕೊಡುತ್ತೆ, ಎಷ್ಟು ಮೇವು ತಿನ್ನುತ್ತೆ. ಮುಗೀತು." ಅಡಿಗೆಮನೆಯಿಂದ ಹೆಂಡತಿ ಕೂಗಿದ್ದಳು, "ಹೆಂಡತೀನೂ ಅವರು ಹಾಗೇ ನೋಡಿದ್ದು ಬಿಡೋ!" ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಆ ನಗು ಎದೆಯಲ್ಲಿ ಒಂದು ಕಡೆ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡು ಇವತ್ತಿಗೂ ಇಳಿದಿಲ್ಲ.

ಮನೆ ನೋಡಲು ಹೋದ ದಿನ ಅವಳು ನಿಜಕ್ಕೂ ಹಸು ನೋಡುವ ಹಾಗೆಯೇ ನೋಡಿದಳು. ಕಂದಾಯ ಎಷ್ಟು, ಬಸ್ ಸ್ಟಾಪು ಎಷ್ಟು ದೂರ, ಈಗಿರುವ ಬಾಡಿಗೆಯವರು ಹೊತ್ತಿಗೆ ಸರಿಯಾಗಿ ಕೊಡುತ್ತಾರೋ ಇಲ್ಲವೋ. ಮಾತು ಮಾತಿಗೆ 'ನಮ್ಮವರೇ' ಎನ್ನುವ ದಲ್ಲಾಳಿಗೆ ಅವಳ ಪ್ರಶ್ನೆಗಳಿಂದ ಬೆವರು ಕಿತ್ತುಕೊಂಡಿತ್ತು. ಅವನು ಮಾತ್ರ ಚಪ್ಪಲಿ ಬಿಟ್ಟು ಒಳಗೆ ಹೋದವನು ನಡುಮನೆಯಲ್ಲಿ ನಿಂತುಬಿಟ್ಟ. ದಕ್ಷಿಣಕ್ಕೆ ಗೋಡೆಯ ಮುಕ್ಕಾಲು ಭಾಗ ಕಿಟಕಿ. ಎದುರಿಗೆ ತಗ್ಗಿನಲ್ಲಿ ಗೋದಾಮುಗಳ ಸಾಲು, ಅವುಗಳಾಚೆ ಬರೀ ಆಕಾಶ. ಬೆಳಕು ಒಳಗೆ ನುಗ್ಗಿ ನೆಲದ ಮೇಲೆ ಕಾಲು ಚಾಚಿ ಮಲಗಿತ್ತು; ಸುಣ್ಣ ಕಿತ್ತ ಮೂಲೆಯನ್ನೂ, ಹಳೆಯ ಮೊಳೆಯ ತೂತುಗಳನ್ನೂ, ಯಾವುದನ್ನೂ ಬಿಡದೆ ಮುಟ್ಟಿತ್ತು. ಕತ್ತಲ ಕೋಣೆಯಲ್ಲಿ ಜನರ ಮೂಳೆ ನೋಡುತ್ತಾ ಆಯುಷ್ಯ ಕಳೆದವನಿಗೆ ಆ ಬೆಳಕಿನ ನಡುವೆ ಮಿಷನ್ನು ಕಂಡಿತು. ಮಿಷನ್ನಿನ ಮುಂದೆ ಹೆಂಡತಿ, ತಲೆಯ ಮೇಲೆ ಬಲ್ಬಿಲ್ಲ, ಕಣ್ಣು ಕಿರಿದು ಮಾಡಿಕೊಂಡಿಲ್ಲ. "ಇದನ್ನೇ ತಗೊಂಡುಬಿಡೋಣ!" ಎಂದು ಮಾರುವವನ ಎದುರಿಗೇ ಗಟ್ಟಿಯಾಗಿ ಹೇಳಿದ. ಇಳಿಯಬೇಕಾಗಿದ್ದ ಬೆಲೆ ಅಲ್ಲೇ ಚಕ್ಕಂಬಟ್ಟಲೆ ಹಾಕಿ ಕೂತಿತು. "ಮಾರೋನ ಎದುರಿಗೆ ಜೊಲ್ಲು ಸುರಿಸಿದ್ರೆ ಬೆಲೆ ಇಳಿಯುತ್ತಾ? ಇದು ನಾವು ಇರೋ ಮನೆಯಲ್ಲ ಕಣ್ರೀ, ಕೊಡೋ ಮನೆ" ಎಂದು ಅವಳು ದಾರಿಯುದ್ದಕ್ಕೂ ಬೈದಳು. ಅವನು ತಾನು ಕಂಡದ್ದನ್ನು ಅವಳಿಗೆ ಹೇಳಬಹುದಿತ್ತು. ಹೇಳಿದರೆ ನಗುತ್ತಾಳೆ ಎನ್ನಿಸಿತು. ಮನೆ ಕಟ್ಟಿ ನೋಡು ಎಂದ ಹಿರಿಯರು, ಮನೆ ಕೊಂಡು ಇನ್ನೊಬ್ಬನನ್ನು ಅದರಲ್ಲಿ ಕೂರಿಸಿ ನೋಡು ಎಂದು ಯಾಕೆ ಹೇಳಲಿಲ್ಲವೋ.

ಇವತ್ತು ಪಾಳಿ ಮುಗಿಯುವ ಮೊದಲೇ ಹೊಟ್ಟೆನೋವೆಂದು ಸುಳ್ಳು ಹೇಳಿ ಹೊರಟ. ಹೊಟ್ಟೆ ಎಂದಕೂಡಲೇ, ಬೇಕಾದ್ರೆ ಚಿತ್ರ ತೆಗೆದು ನೋಡೋಣ ಎಂದು ಜೊತೆಯವನು ತಮಾಷೆ ಮಾಡಿದ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಮೆಟ್ಟಿಲು ಹತ್ತಿ ಬೀಗ ತೆಗೆಯುವಾಗ ತನಗರಿವಿಲ್ಲದೆ ಒಮ್ಮೆ ಕೆಮ್ಮಿದ. ಒಳಗೆ ಯಾರೂ ಇಲ್ಲ ಎಂದು ನೆನಪಾಗಿ ನಾಚಿಕೆಯಾಯಿತು. ಕೆಮ್ಮಬೇಕಾದ ದಿನ ಕೆಮ್ಮಿರಲಿಲ್ಲವಲ್ಲ. ಇಲ್ಲಿ ಬಾಡಿಗೆಗಿದ್ದವರು ಡ್ರಾಯಿಂಗ್ ಮೇಷ್ಟ್ರು ಮತ್ತು ಅವರ ತಾಯಿ. ಮೊದಲ ಸಲ ಅವನು ನಲ್ಲಿ ನೋಡುವ ನೆಪದಲ್ಲಿ ಬಂದಾಗ ಕಾಫಿ ಕೊಟ್ಟರು. ನಲ್ಲಿ ಸರಿಯಾಗಿತ್ತು. ಇನ್ನೊಂದು ಸಲ ಚಿಲಕ ನೋಡಲು ಬಂದ, ಆಗಲೂ ಕಾಫಿ. ಆಮೇಲೆ ನೀರು. ಆಮೇಲೆ ಬಾಗಿಲಲ್ಲೇ ಮಾತು. ಅವನಿಗೆ ತಾನು ಮಾಡುತ್ತಿರುವುದು ಗೊತ್ತಾಗುತ್ತಿತ್ತು, ಕಾಲು ಮಾತ್ರ ಕೇಳುತ್ತಿರಲಿಲ್ಲ. ಡ್ಯೂಟಿ ಮುಗಿದರೆ ಮನೆಯ ಬಸ್ಸು ಬಿಟ್ಟು ಈ ಕಡೆಯ ಬಸ್ಸು ಹತ್ತುತ್ತಿತ್ತು. ಬಂದು ಕಿಟಕಿಯ ಬಳಿ ನಿಂತರೆ ಸಾಕು, ಮೈಯೆಲ್ಲ ಸಡಿಲವಾಗುತ್ತಿತ್ತು. ಒಂದು ದಿನ ಬಾಗಿಲು ಓರೆಯಾಗಿತ್ತು, ತಳ್ಳಿಕೊಂಡು ಬಂದುಬಿಟ್ಟ. ಮೇಷ್ಟ್ರ ತಾಯಿ ತಲೆಗೂದಲು ಹರವಿಕೊಂಡು ಬಿಸಿಲಿಗೆ ಬೆನ್ನುಕೊಟ್ಟು ಕೂತಿದ್ದರು. ಅವನು ನೋಡಿದ್ದು ಆಕೆಯನ್ನಲ್ಲ, ಬೆಳಕನ್ನು. ಆಣೆಮಾಡಿ ಹೇಳಬಲ್ಲ. ಆದರೆ ಆಕೆ ಗಡಬಡಿಸಿ ಸೆರಗು ಎಳೆದುಕೊಂಡ ರೀತಿಗೆ ಯಾವ ಆಣೆಯೂ ಉತ್ತರವಾಗುವುದಿಲ್ಲ. ಸಂಜೆ ಮೇಷ್ಟ್ರು ಆಸ್ಪತ್ರೆಗೇ ಬಂದರು, ಜಗಳಕ್ಕಲ್ಲ, ಮೆಲುದನಿಯಲ್ಲೇ ಹೇಳಿದರು. "ಮನೆ ನಿಮ್ಮದು ಸರ್, ಒಪ್ತೀನಿ. ಒಳಗಿರೋ ಬದುಕು ನಮ್ಮದಲ್ವಾ?" ತಿಂಗಳು ತುಂಬುವ ಹೊತ್ತಿಗೆ ಖಾಲಿ ಮಾಡಿದರು. ಹೋಗುವಾಗ ಬೀಗದ ಕೈ ಕೊಟ್ಟು, "ನಿಮ್ಮ ಮನೆಯವರ ಹತ್ರ ವರ್ಗ ಆಯ್ತು ಅಂತ ಹೇಳಿದೀನಿ. ನೀವೂ ಹಾಗೇ ಹೇಳಿಬಿಡಿ" ಎಂದರು. ಅವರು ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು. ಅವನ ಮಾನ ಮುಚ್ಚಿ ಹೋದರು. ಅದನ್ನು ಏನು ಮಾಡುವುದು?

ಅಂಗಿ ಬಿಚ್ಚಿ ಕಿಟಕಿಯ ಕೊಂಡಿಗೆ ಸಿಕ್ಕಿಸಿ ಕಸ ಗುಡಿಸಿದ. ಗುಡಿಸುವಾಗ ಮಿಷನ್ನು ಇಲ್ಲಿ, ಬಟ್ಟೆಯ ಗಂಟು ಅಲ್ಲಿ, ಇಸ್ತ್ರಿ ಮೇಜು ಗೋಡೆಗೆ ತಾಗಿ ಎಂದು ಕಣ್ಣಳತೆ ಮಾಡಿದ. ತಾವೇ ಇಲ್ಲಿಗೆ ಬಂದು ಸಂಬಳದಿಂದ ಕಂತು ಕಟ್ಟಿದರೆ? ಆಗುವುದಿಲ್ಲ. ಅರ್ಧ ಹೊಟ್ಟೆ ಉಂಡರೆ? ಆಗಲೂ ಆಗುವುದಿಲ್ಲ. ಇದು ಅವನು ದಿನಾ ಮಾಡುವ ಲೆಕ್ಕ, ದಿನಾ ಸೋಲುವ ಲೆಕ್ಕ. ಪೊರಕೆ ಮೂಲೆಗೆ ಒರಗಿಸಿ ಬೆಳಕು ಬಿದ್ದ ಜಾಗದಲ್ಲೇ ಬನಿಯನ್ನಿನಲ್ಲಿ ಅಂಗಾತ ಮಲಗಿದ. ನೆಲ ಬೆಚ್ಚಗಿತ್ತು. ತನ್ನ ಹೆಸರಿನಲ್ಲಿರುವ ನೆಲ. ಇದರ ಮೇಲೆ ಮಲಗಲೂ ತಾನು ಸುಳ್ಳು ಹೇಳಿ ಬರಬೇಕು.

"ಯಾರಿದೀರಿ ಒಳಗೆ?"

ಧಡಕ್ಕನೆ ಎದ್ದು ಕೂತ. ಬಾಗಿಲಲ್ಲಿ ಒಬ್ಬ ಗಟ್ಟಿಮುಟ್ಟಾದ ಹೆಂಗಸು, ಹಿಂದೆ ಅವಳಿಗಿಂತ ಒಂದು ಮೊಳ ಎತ್ತರದ ಗಂಡಸು. ಅವಳ ಬಲ ಮುಂಗೈಯ ಮೇಲೆ ಸುಟ್ಟ ಗುರುತುಗಳಿದ್ದವು. ಇಸ್ತ್ರಿ ಅಂಗಡಿಯವರು ನಾವು, ಇವನು ನನ್ನ ತಮ್ಮ, ಲಾರಿ ಓಡಿಸ್ತಾನೆ, ಮನೆ ನೋಡೋಕೆ ಬಂದ್ವಿ, ದಲ್ಲಾಳಿ ಕೆಳಗೆ ಫೋನಿಗೆ ಅಂಟಿಕೊಂಡಿದಾನೆ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಪೊರಕೆ, ಬನಿಯನ್ನು, ಬರಿ ನೆಲ ಎಲ್ಲವನ್ನೂ ಒಂದು ಸುತ್ತು ನೋಡಿ ಕೇಳಿದಳು, "ಖಾಲಿ ಮಾಡ್ತಾ ಇರೋರು ನೀವೇನಾ?"

"ಹೂಂ" ಎಂದ.

ಯಾಕೆ ಹೂಂ ಎಂದ? ಬಾಯಿಗೆ ಬಂದದ್ದೇ ಅದು. ಜೀವಮಾನವಿಡೀ ಬಾಡಿಗೆಗಿದ್ದವನನ್ನು ಒಂದು ಖಾಲಿ ಕೋಣೆಯಲ್ಲಿ ಅರ್ಧ ಬಟ್ಟೆಯಲ್ಲಿ ಹಿಡಿದು ಕೇಳಿದರೆ ಇನ್ನೇನು ಹೇಳುತ್ತಾನೆ. ಹೇಳಿದ ಮೇಲೆ ವಾಪಸು ತೆಗೆದುಕೊಳ್ಳಬಹುದಿತ್ತು. ಅಷ್ಟರಲ್ಲಿ ಇನ್ನೊಂದು ಯೋಚನೆ ಕಳ್ಳಬೆಕ್ಕಿನ ಹಾಗೆ ಒಳಗೆ ಬಂತು: ಬಿಟ್ಟು ಹೋಗುವವನ ಮಾತಿಗೆ ಇರುವ ಬೆಲೆ ಮಾಲೀಕನ ಮಾತಿಗಿರುವುದಿಲ್ಲ.

"ಹಾಗಾದ್ರೆ ನಿಜ ಹೇಳಿ ಅಣ್ಣ, ದಲ್ಲಾಳಿ ಬರೋದ್ರೊಳಗೆ. ನೀರು ಹೇಗೆ?"

"ಬರುತ್ತೆ. ಅದಕ್ಕೆ ಮನಸ್ಸು ಬಂದಾಗ."

ತಮ್ಮ ಕಿಸಕ್ಕನೆ ನಕ್ಕ. ಅಕ್ಕ ಅಂಗೈಯನ್ನು ಗೋಡೆಗೆ ಒತ್ತಿ ನೋಡಿದಳು. "ಗೋಡೆ?"

"ಈಗ ಒಣಗಿದೆ. ಮಳೆಗಾಲದಲ್ಲಿ ಬೆವರುತ್ತೆ. ಬಟ್ಟೆ ತಾಗಿಸಿಟ್ರೆ ಬೂಷ್ಟು ಹಿಡಿಯುತ್ತೆ."

"ಇಷ್ಟು ದೊಡ್ಡ ಕಿಟಕಿ, ಸೆಕೆ ಹೇಗೆ?"

"ಬೇಸಿಗೇಲಿ ಮೊಟ್ಟೆ ಒಡೆದು ನೆಲಕ್ಕೆ ಹಾಕಿ. ಒಲೆ ಹಚ್ಚೋದೇ ಬೇಡ."

"ನಮ್ಮಕ್ಕನಿಗೆ ಬೆಂಕಿ ಹೊಸದಲ್ಲ ಬಿಡಿ" ಎಂದ ತಮ್ಮ. "ಮೇಲಿನ ಮನೆಯವರು?"

"ಕುಟ್ತಾರೆ. ಏನು ಕುಟ್ತಾರೋ ಗೊತ್ತಿಲ್ಲ, ಕುಟ್ತಾನೇ ಇರ್ತಾರೆ."

ಒಂದು ನಿಜಕ್ಕೆ ಎರಡು ಸುಳ್ಳು ಹೊಸೆದು ಹೇಳುತ್ತಾ ಹೋದ. ಸುಳ್ಳು ಇಷ್ಟು ಸರಾಗವಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿ, ಕೊನೆಗೆ ಅವನ ಮುಖಕ್ಕೆ ನೇರ ನೋಡಿ ಕೇಳಿದಳು. "ಅದೆಲ್ಲ ಎಲ್ಲಾ ಕಡೆ ಇರೋದೇ. ಓನರ್ ಹೇಗೆ? ಅದು ಹೇಳಿ."

ಸುಳ್ಳು ಹೇಳಬೇಕಾದ ಜಾಗದಲ್ಲಿ ಅವನ ನಾಲಿಗೆಗೆ ಸುಳ್ಳು ಸಿಗಲಿಲ್ಲ.

"ಓನರ್ ಬರ್ತಾನೆ" ಎಂದ. "ಬಾಡಿಗೆಗಲ್ಲ, ಸುಮ್ನೆ ಬರ್ತಾನೆ. ನಲ್ಲಿ ನೋಡ್ಬೇಕು ಅಂತಾನೆ, ನಲ್ಲಿ ಕಡೆ ತಿರುಗೂ ನೋಡಲ್ಲ. ಅಗೋ ಅಲ್ಲಿ, ಕಿಟಕಿ ಹತ್ರ ನಿಂತ್ಕೋತಾನೆ. ಹೋಗು ಅನ್ನೋ ಹಾಗಿಲ್ಲ, ಕೂತ್ಕೊ ಅನ್ನೋಕೂ ಮನಸ್ಸಿಲ್ಲ. ಹೆಂಗಸರು ಒಳಗಿದ್ರೆ ಕೆಮ್ಮಿ ಬರಬೇಕು ಅನ್ನೋದೂ ಗೊತ್ತಿಲ್ಲ ಅವನಿಗೆ."

"ಕೆಟ್ಟೋನಾ?"

"ಕೆಟ್ಟೋನಾಗಿದ್ದಿದ್ರೆ ಚೆನ್ನಾಗಿತ್ತು. ಬೈದು ಓಡಿಸಬಹುದಿತ್ತು."

"ಮತ್ತೆ ಎಂಥೋನು?"

"ಹಸಿದೋನು" ಎಂದ. ಹೇಳಿದ ಮೇಲೆ ಎಂಥದೋ ಹಗುರ. ಇಷ್ಟು ದಿನ ಹೊತ್ತದ್ದನ್ನು ಇವರ ಮುಂದೆ ಇಳಿಸಿದ್ದಾಯಿತು. ಇವರು ಹೋಗಲಿ, ಬೀಗ ಹಾಕಿಕೊಂಡು ಇನ್ನೊಂದು ಘಳಿಗೆ ಮಲಗುತ್ತೇನೆ ಎಂದುಕೊಂಡ.

ಮೆಟ್ಟಿಲ ಮೇಲೆ ಹೆಂಡತಿಯ ಚಪ್ಪಲಿಯ ಸದ್ದಾಯಿತು. ದಲ್ಲಾಳಿಯನ್ನು ಮುಂದೆ ಮಾಡಿಕೊಂಡು ಏದುಸಿರು ಬಿಡುತ್ತಾ ಬಂದವಳು ಬಾಗಿಲಲ್ಲೇ ನಿಂತು, "ರೀ, ಅಂಗಿ ಎಲ್ರೀ? ಬಂದೋರ ಎದುರಿಗೆ ಹೀಗಾ ನಿಲ್ಲೋದು?" ಎಂದಳು. ಆಮೇಲೆ ಹೆಂಗಸಿನ ಕಡೆ ತಿರುಗಿ ನಕ್ಕಳು. "ಇವರು ನಮ್ಮ ಯಜಮಾನ್ರು. ಮನೆ ಇವರ ಹೆಸರಲ್ಲೇ ಇರೋದು."

ಲಾರಿ ಡ್ರೈವರು ಒಂದು ಕ್ಷಣ ಬಾಯಿ ತೆರೆದು ನಿಂತು, ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಅವನ ಅಕ್ಕ ನಗಲಿಲ್ಲ. ಅವಳು ನೋಡಿದ ನೋಟಕ್ಕೆ ಅವನು ಅಂಗಿಗೆಂದು ಕೈ ಚಾಚಿದ. ತೋಳಿಗೆ ಕೈ ಹೋಗಬೇಕಾದ ಕಡೆ ಕುತ್ತಿಗೆ ತೂರಿಸಿ ಪರದಾಡಿದ. ಅಂಗಿಯ ಒಳಗಿನಿಂದಲೇ ಅವಳ ದನಿ ಕೇಳಿತು. "ಅಮ್ಮಾ, ಮನೆ ನಮಗೆ ಒಪ್ಪಿಗೆ. ಆದ್ರೆ ನೀವು ಹೇಳಿದ ಬಾಡಿಗೆ ಇದಕ್ಕಲ್ಲ. ನೀರು ಸರಿಯಿಲ್ಲ, ಗೋಡೆ ಬೆವರುತ್ತೆ, ಬೇಸಿಗೇಲಿ ಇರೋಕಾಗಲ್ಲ, ಮೇಲಿನವರು ಕುಟ್ತಾರೆ."

"ಯಾರು ಹೇಳಿದ್ದು?" ಎಂದಳು ಹೆಂಡತಿ.

"ನಿಮ್ಮ ಯಜಮಾನ್ರೇ."

"ನಮ್ಮವರೇ, ಅದು ಸಾರ್ ತಮಾಷೆಗೆ..." ಎಂದು ದಲ್ಲಾಳಿ ಹಲ್ಲು ಕಿರಿದ.

"ತಮ್ಮ ಮನೇನ ತಾವೇ ಬೈಯೋರು ತಮಾಷೆಗೆ ಬೈತಾರಾ? ಬೇರೆಯವರು ಹೇಳಿದ್ರೆ ನಾನೂ ನಂಬ್ತಿರಲಿಲ್ಲ." ಅವಳು ಒಂದೊಂದೇ ಕುಂದು ಹಿಡಿದು ಬಾಡಿಗೆಯನ್ನು ಒಂದೊಂದೇ ಮೆಟ್ಟಿಲು ಇಳಿಸಿದಳು. ಹೆಂಡತಿ ತರಕಾರಿಯವನ ಹತ್ತಿರ, ಬಟ್ಟೆಯ ಅಂಗಡಿಯವನ ಹತ್ತಿರ, ಎಂದೂ ಚೌಕಾಸಿಯಲ್ಲಿ ಸೋತವಳಲ್ಲ. ಇವತ್ತು ಅವಳ ಬಾಯಿ ಕಟ್ಟಿತ್ತು. ನೀರು ಚೆನ್ನಾಗಿದೆ ಎಂದರೆ ಗಂಡ ಸುಳ್ಳ ಎಂದ ಹಾಗಾಗುತ್ತದೆ. ಸುಮ್ಮನಿದ್ದರೆ ದುಡ್ಡು ಹೋಗುತ್ತದೆ. ಅವಳು ಸುಮ್ಮನಿದ್ದಳು. ಅವನು ಅಂಗಿಯ ಗುಂಡಿಗಳನ್ನು ಹಾಕಿ, ತಪ್ಪಿತೆಂದು ಬಿಚ್ಚಿ, ಮತ್ತೆ ಹಾಕಿದ. ನಾನು ಹೇಳಿದ್ದೆಲ್ಲ ಸುಳ್ಳು ಎಂದು ಒಂದು ಮಾತು ಕೂಗಿದರೆ ಸಾಕಿತ್ತು. ಹಾಗಾದರೆ ಯಾಕೆ ಹೇಳಿದೆ ಎಂದು ಇಬ್ಬರೂ ಹೆಂಗಸರು ಕೇಳುತ್ತಿದ್ದರು.

"ಇನ್ನೊಂದು ಮಾತಿದೆ" ಎಂದಳು ಅಕ್ಕ, ದರ ಕುದುರಿದ ಮೇಲೆ. "ಬಾಡಿಗೆ ನಾವೇ ತಂದು ಕೊಡ್ತೀವಿ, ಒಂದು ದಿನ ತಡ ಆಗಲ್ಲ. ಓನರ್ ಇಲ್ಲಿಗೆ ಬರಕೂಡದು."

"ಬರೋಕೆ ಇವರಿಗೇನು ಕೆಲಸ?"

"ಕೆಲಸ ಇಲ್ದೇನೇ ಬರ್ತಾರಂತಲ್ಲ. ಅದಕ್ಕೇ ಹೇಳ್ತಿರೋದು."

ಹೆಂಡತಿ ನಿಧಾನಕ್ಕೆ ಅವನ ಕಡೆ ತಿರುಗಿದಳು. ಚಿತ್ರದಲ್ಲಿ ಮೂಳೆಯ ಬಿರುಕು ಕಾಣುವ ಹಾಗೆ ಏನೋ ಒಂದು ಅವಳಿಗೆ ಕಂಡದ್ದು ಅವನಿಗೂ ಕಂಡಿತು. "ಮೇಷ್ಟ್ರಿಗೆ ವರ್ಗ ಆಗಿರಲಿಲ್ಲ, ಅಲ್ವಾ?" ಎಂದಳು. ಅವನು ನೆಲ ನೋಡಿದ. ಅವಳು ಬಂದವರ ಕಡೆಗೆ ತಿರುಗಿ, "ಬರಲ್ಲ. ಇವರೂ ಬರಲ್ಲ, ನಾನೂ ಬರಲ್ಲ" ಎಂದು ಅವನ ಜೇಬಿಗೆ ತಾನೇ ಕೈ ಹಾಕಿ ಬೀಗದ ಕೈ ತೆಗೆದು ಕೊಟ್ಟಳು.

ಬಸ್ ಸ್ಟಾಪಿನವರೆಗೂ ಅವಳು ಎರಡು ಹೆಜ್ಜೆ ಮುಂದೆಯೇ ನಡೆದಳು. ಬೈದಿದ್ದರೆ ಅವನೂ ಎರಡು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಕೊನೆಗೆ ಅವನೇ ಶುರು ಮಾಡಿದ. ಆ ಕಿಟಕಿ, ಅದರ ಕೆಳಗೆ ನಿನ್ನ ಮಿಷನ್ನು, ನೀನು ಹಗಲೂ ಬಲ್ಬಿನ ಕೆಳಗೆ ಕೂತು ಹೊಲಿಯುವುದನ್ನು ನೋಡಲಾಗದೆ, ಎಂದು ತೊದಲಿದ. ಮೊದಲ ಸಲ ಹೇಳುತ್ತಿದ್ದ. ಹೇಳಬೇಕಾದ ದಿನ ಕಳೆದು ಎಷ್ಟೋ ಆಗಿತ್ತು.

ಅವಳು ಪೂರ್ತಿ ಕೇಳಿದಳು. ಒಂದು ಕ್ಷಣ, ಮುಖ ಮೆತ್ತಗಾಯಿತೇನೋ ಎನ್ನಿಸಿತು. "ಬೆಳಕಲ್ಲಿ ಕೂತು ಹೊಲಿಯೋದಲ್ಲ ಕಣ್ರೀ ನಂಗೆ ಬೇಕಾಗಿದ್ದು" ಎಂದಳು. "ಹೊಲಿಯದೇ ಕೂರೋದು. ಸೂಜಿ ಕಣ್ಣು ಕಾಣದೇ ಯಾವ ಕಾಲ ಆಯ್ತೋ, ಬೆರಳಲ್ಲಿ ತಡವಿಕೊಂಡು ಹೊಲೀತಿದೀನಿ. ಬಾಡಿಗೆ ಸರಿಯಾಗಿ ಬಂದ್ರೆ ಈ ವರ್ಷದ ಯೂನಿಫಾರಂ ಮುಗಿಸಿ ಮಿಷನ್ ಮಾರಿಬಿಡೋಣ ಅಂತಿದ್ದೆ. ಮೇಷ್ಟ್ರು ಹೋದಾಗಲೇ ಮುಂದಕ್ಕೆ ಹಾಕಿದೆ. ಇವತ್ತು ನೀವು ಇಳಿಸಿದ್ರಲ್ಲ, ಅಷ್ಟನ್ನೂ ನಾನೇ ಹೊಲೀಬೇಕು ಇನ್ನು."

"ನಂಗೆ ಒಂದು ಮಾತು ಹೇಳಿದ್ರೆ..."

"ನೀವು ಹೇಳಿದ್ರಾ?"

ಎದುರಿನ ಅಂಗಡಿಯವನು ಷಟರು ಅರ್ಧಕ್ಕೆ ಇಳಿಸಿ, ಏನೋ ನೆನಪಾಗಿ ಮತ್ತೆ ಎತ್ತಿದ.

"ನಾನು ಆಸ್ಪತ್ರೇಲಿ ಇನ್ನೊಂದು ಪಾಳಿ ಮಾಡ್ತೀನಿ" ಎಂದ. "ರಾತ್ರಿದು. ಕೇಳಿದ್ರೆ ಕೊಡ್ತಾರೆ." ಹೇಳಿ ಅವಳ ಉತ್ತರಕ್ಕೆ ಕಾದ. ಆ ಉತ್ತರ ಅವನಿಗೆ ಬಾಯಿಪಾಠವಾಗಿತ್ತು. ಮದುವೆಯಾದಾಗಿನಿಂದ ಅವನು ಇಂಥದ್ದೇನಾದರೂ ಹೇಳಿದಾಗಲೆಲ್ಲ ಅವಳು, 'ಬೇಡ ಬಿಡಿ, ನಿಮ್ಮ ಮೈ ನೋಡ್ಕೊಳ್ಳಿ, ನಾನಿದೀನಲ್ಲ' ಎನ್ನುತ್ತಿದ್ದಳು. ಅವಳು ಹಾಗೆನ್ನುತ್ತಾಳೆಂಬ ಧೈರ್ಯದ ಮೇಲೆಯೇ ಅವನು ಅಷ್ಟು ಸಲ ಹೇಳಿದ್ದ.

"ಮಾಡಿ" ಎಂದಳು.

ಬಸ್ಸು ಬಂತು. ಅವಳು ಮೊದಲು ಹತ್ತಿ, ಒಬ್ಬರಿಗೆ ಮಾತ್ರ ಜಾಗವಿದ್ದ ಕಡೆ ಕೂತು, ಬಟ್ಟೆಯ ಖಾಲಿ ಚೀಲವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಅವನು ಪಕ್ಕದಲ್ಲಿ ಕಂಬಿ ಹಿಡಿದು ನಿಂತ. ನಡುವೆ ಎರಡು ಸೀಟು ಖಾಲಿಯಾದವು. ಕೂರಲಿಲ್ಲ.